ಗಡಿಕಲ್ಲಿಗೆ ಅಂಟಿದ ಕಲೆ

ತಮ್ಮ: ಸುಣ್ಣ ಅದು. ಶುದ್ಧ ಸುಣ್ಣ.

ಅಣ್ಣ: ಸುಣ್ಣ ಅಂತ ಇನ್ನೊಂದು ಸಲ ಅನ್ನು, ನೋಡ್ತೀನಿ.

ತಮ್ಮ: ಸುಣ್ಣ. ನೋಡಿದೆಯಾ?

ಅಣ್ಣ: ಕೇಳಿದ್ರಾ ಸಾಹುಕಾರ್ರೇ? ನಮ್ಮಪ್ಪ ನೆಟ್ಟ ಕಲ್ಲಿನ ಮೇಲೆ ಬೆಳೆದಿರೋ ಕಲ್ಲುಹೂವನ್ನ ಸುಣ್ಣ ಅಂತಾನೆ. ನಾಳೆ ನನ್ನ ತಲೆಯ ಬಿಳಿಕೂದಲನ್ನೂ ಸುಣ್ಣ ಅಂದಾನು.

ತಮ್ಮ: ಅದನ್ನ ಅನ್ನಲ್ಲ. ಅದಕ್ಕೆ ನೀನು ಆಗಲೇ ಕಪ್ಪು ಬಳಿದಿದ್ದೀಯ. ಬಳಿಯೋ ಅಭ್ಯಾಸ ಇರೋರಿಗೆ ತಲೆಯೇನು, ಕಲ್ಲೇನು.

ಜಗಳದ ವಸ್ತು ಇಬ್ಬರ ನಡುವೆ ಮೊಣಕಾಲೆತ್ತರಕ್ಕೆ ಸುಮ್ಮನೆ ನಿಂತಿತ್ತು. ಅದು ಎರಡು ಹಿತ್ತಿಲುಗಳ ಗಡಿಕಲ್ಲು. ಈ ಕಡೆಯ ಮನೆ ಅಣ್ಣನದು. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಟರಾಗಿದ್ದು, ಊರಿನವರ ತಕ್ಕಡಿಗಳನ್ನೆಲ್ಲ ತಿದ್ದಿ ನಿವೃತ್ತನಾದವನು. ಆ ಕಡೆಯದು ದರ್ಜಿ ತಮ್ಮನದು. ಅವನ ಹೊಲಿಗೆ ಮಿಷನ್ನು ಹಿತ್ತಿಲ ಕಿಟಕಿಗೆ ಒತ್ತಿಕೊಂಡೇ ಇದೆ. ಅವನ ಅನ್ನ ಬರುವುದು ಆ ಕಿಟಕಿಯ ಬೆಳಕಿನಿಂದ. ಅಣ್ಣ ಈಗ ಗಡಿಯ ಗುಂಟ ಆಳೆತ್ತರದ ಗೋಡೆ ಎಬ್ಬಿಸಲು ಹೊರಟಿದ್ದ. ಕಲ್ಲು ಈಗಿರುವ ಜಾಗದಲ್ಲೇ ಗೋಡೆ ಎದ್ದರೆ ಕಿಟಕಿಗೂ ಅದಕ್ಕೂ ನಡುವೆ ಉಳಿಯುವುದು ಒಂದು ಗೇಣು. ಆಮೇಲೆ ದರ್ಜಿ ನಡುಹಗಲಲ್ಲಿ ಸೂಜಿಗೆ ದಾರ ಪೋಣಿಸಲೂ ದೀಪ ಹಚ್ಚಬೇಕು.

ನಗರಸಭೆಯ ಗುಮಾಸ್ತ ಮಾತ್ರ ಒಂದು ಕೊಕ್ಕೆ ಹಾಕಿದ್ದ. ಕಲ್ಲು ಹಳೆಯದು, ಅಲುಗಿಲ್ಲ ಎಂದು ತಿಳಿದವರೊಬ್ಬರು ಬರೆದುಕೊಟ್ಟರೆ ಮಾತ್ರ ಗೋಡೆಗೆ ಪರವಾನಗಿ. ಆ ತಿಳಿದವನೇ ಈ ಸಾಹುಕಾರ, ಕಲ್ಲಿನ ವ್ಯಾಪಾರಿ. ತೋಟದ ಮನೆಗಳವರಿಗೆ ಹಳೇ ಬಂಡೆಗಳನ್ನು ಮಾರುವವನು. ಬಂಡೆಯ ಮೇಲೆ ಕಲ್ಲುಹೂವು ಹೆಚ್ಚಿದ್ದಷ್ಟೂ ಗಿರಾಕಿ ಹೆಚ್ಚು ಸಲ ಆಹಾ ಅನ್ನುತ್ತಾನೆ ಎಂಬುದು ಅವನು ವ್ಯಾಪಾರದಲ್ಲಿ ಕಲಿತ ಸಸ್ಯಶಾಸ್ತ್ರ.

ವ್ಯಾಪಾರಿ: ಇಬ್ಬರೂ ಸ್ವಲ್ಪ ಪಕ್ಕಕ್ಕೆ ನಿಲ್ತೀರಾ? ನೆರಳು ಬೀಳ್ತಾ ಇದೆ.

ತಮ್ಮ: ಮೊದಲು ನನ್ನ ಮಾತು ಕೇಳಿ. ಮೂರು ತಿಂಗಳ ಹಿಂದೆ ಮಗಳ ಬಾಣಂತನಕ್ಕೆ ಅಂತ ನಾನೂ ನನ್ನ ಹೆಂಡತಿಯೂ ಹೋಗಿದ್ವಿ. ವಾಪಸ್ಸು ಬಂದು ನೋಡ್ತೀನಿ, ಕಲ್ಲು ಒಂದು ಮೊಳ ನಮ್ಮ ಕಡೆಗೆ ನಡೆದು ಬಂದುಬಿಟ್ಟಿದೆ.

ಅಣ್ಣ: ಕಲ್ಲಿಗೆ ಕಾಲಿದೆಯೇನೋ?

ತಮ್ಮ: ನಿನಗಿದೆಯಲ್ಲ. ಹಳೇ ಕಲ್ಲು ಎಲ್ಲಿ ಬಿಸಾಕಿದೆಯೋ ಗೊತ್ತಿಲ್ಲ. ಇದು ಹೊಸದು. ಸುಣ್ಣ ಬಳಿದು ವಯಸ್ಸು ಹಾಕಿದ್ದಾನೆ.

ಅಣ್ಣ: ವಯಸ್ಸು ಹಾಕೋಕೆ ಅದೇನು ಅಂಗಿ ಗುಂಡಿಯೇ? ಸಾಹುಕಾರ್ರೇ, ನೀವು ಒಂದೇ ಮಾತು ಹೇಳಿ. ಇದು ಕಲ್ಲುಹೂವು ಹೌದೋ ಅಲ್ಲವೋ?

ವ್ಯಾಪಾರಿ: ಅವಸರ ಯಾಕೆ? ನೀವು ನನ್ನ ತಕ್ಕಡಿ ಪರೀಕ್ಷೆ ಮಾಡೋಕೆ ಬಂದಾಗ ಮೂರು ಗಂಟೆ ತಗೊಂಡು, ಎರಡು ಲೋಟ ಚಹಾ ಕುಡಿದು, ಆಮೇಲೆ ಮುಳ್ಳು ಕೂದಲೆಳೆಯಷ್ಟು ವಾಲಿದೆ ಅಂದಿದ್ರಿ. ನಾನೇನಾದ್ರೂ ಅವಸರ ಮಾಡಿದ್ನಾ?

ಅಣ್ಣ: ಅದು ಸರ್ಕಾರಿ ಕೆಲಸ. ಅಳತೆ ಅಂದ್ರೆ ಅಳತೆ.

ವ್ಯಾಪಾರಿ: ಇದೂ ಅಳತೆಯೇ.

ಅವನು ಭೂತಗನ್ನಡಿ ತೆಗೆದು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಕಲ್ಲಿನ ಎದೆಯ ಮೇಲೆ ಬೂದಿ ಬಣ್ಣದ, ಹಸಿರು ಛಾಯೆಯ ದುಂಡನೆಯ ಕಲೆ. ಅಗಲ ಒಂದು ಗೇಣು. ಅಂಚೆಲ್ಲ ಸುಕ್ಕುಸುಕ್ಕಾಗಿ, ಸಣ್ಣ ಎಲೆಗಳನ್ನು ಕತ್ತರಿಸಿ ಅಂಟಿಸಿದ ಹಾಗಿತ್ತು. ಅವನು ಉಗುರಿನಿಂದ ಕೆರೆದ. ಪುಡಿ ಉದುರಲಿಲ್ಲ.

ವ್ಯಾಪಾರಿ: ಸ್ವಲ್ಪ ನೀರು.

ಅಣ್ಣ: ಚಹಾನೇ ತರಿಸ್ತೀನಿ.

ವ್ಯಾಪಾರಿ: ನನಗಲ್ಲ, ಕಲ್ಲಿಗೆ.

ಅಣ್ಣನ ಹೆಂಡತಿ ಬಕೆಟ್ಟು, ಚೊಂಬು ಎರಡನ್ನೂ ತಂದಿಟ್ಟು, ಒಳಗೆ ಹೋಗದೆ ಹಿತ್ತಿಲ ಬಾಗಿಲಿಗೆ ಒರಗಿ ನಿಂತಳು. ವ್ಯಾಪಾರಿ ಕಲೆಯ ಮೇಲೆ ಚೊಂಬಿನ ನೀರು ಚಿಮುಕಿಸಿದ. ಅಣ್ಣ ತಮ್ಮ ತಲೆಗೆ ತಲೆ ತಾಗುವಷ್ಟು ಹತ್ತಿರ ಬಾಗಿ ನೋಡಿದರು. ಆ ಮನೆಗಳ ಮಟ್ಟಿಗೆ ಅದೇ ದೊಡ್ಡ ಸಂಗತಿ. ಬೂದಿ ಬಣ್ಣ ನಿಧಾನಕ್ಕೆ ಕರಗಿ ಕಲೆ ಎಳೆಹಸಿರಾಯಿತು.

ವ್ಯಾಪಾರಿ: ಸುಣ್ಣ ಒದ್ದೆಯಾದರೆ ಸುಣ್ಣವೇ. ಇದು ಹಸಿರಾಯ್ತು, ಅಂದ್ರೆ ಜೀವ ಇದೆ. ಬಂಡೆ ಮೇಲೆ ಎಲ್ಲೆಲ್ಲೂ ಬೆಳೆಯೋ ಮಾಮೂಲಿ ಕಲ್ಲುಹೂವು.

ಅಣ್ಣ: ಬರೆದುಕೊಳ್ಳಿ, ಬರೆದುಕೊಳ್ಳಿ. ಕಾಗದ ಇಲ್ಲೇ ಇದೆ, ಪೆನ್ನೂ ಇದೆ.

ತಮ್ಮ: ಜೇಬಲ್ಲೇ ಇಟ್ಕೊಂಡು ಬಂದಿದ್ದಾನೆ ನೋಡಿ. ಪಾಪ, ಸತ್ಯದ ಮೇಲೆ ಎಷ್ಟು ನಂಬಿಕೆ.

ಅಣ್ಣ: ವಯಸ್ಸೂ ಹೇಳಿಬಿಡಿ.

ವ್ಯಾಪಾರಿ: ಈ ಜಾತಿಯದು ನಡುವಿನಿಂದ ಅಂಚಿಗೆ ವರ್ಷಕ್ಕೆ ಒಂದು ಅಕ್ಕಿಕಾಳಿನ ದಪ್ಪದಷ್ಟು ಹರಡುತ್ತೆ. ಇದರ ಲೆಕ್ಕ ಹಿಡಿದ್ರೆ ನಲವತ್ತೈದು ವರ್ಷ. ಒಂದೆರಡು ಆಚೆ ಈಚೆ.

ಅಣ್ಣ: ನಲವತ್ತೈದು. ಅಪ್ಪ ಮನೆ ಕಟ್ಟಿಸಿದ ವರ್ಷ. ಹೊಸ ಕಲ್ಲಂತೆ. ಕತ್ತರಿ ಹಿಡಿಯೋ ಕೈಗೆ ಕಲ್ಲಿನ ವಿಷಯ ಯಾಕೆ ಬೇಕಿತ್ತು? ಬರೀರಿ ಸಾಹುಕಾರ್ರೇ: ಈ ಕಲ್ಲು ನಲವತ್ತೈದು ವರ್ಷದಿಂದ ಇದೇ ಜಾಗದಲ್ಲಿ ಇದೆ.

ವ್ಯಾಪಾರಿ: ಕಲ್ಲಿನ ವಯಸ್ಸು ಹೇಳಬಲ್ಲೆ. ವಿಳಾಸ ಇನ್ನೂ ನೋಡಿಲ್ಲ.

ಅಣ್ಣ: ಅದರಲ್ಲಿ ನೋಡೋದೇನು? ಅದೇ ಕಲ್ಲು, ಅದೇ ಕಲ್ಲುಹೂವು, ಅದೇ ಜಾಗ.

ವ್ಯಾಪಾರಿ: ಮೂರನೇದಕ್ಕೆ ಒಂದು ಕರಣೆ ಬೇಕು.

ದರ್ಜಿಯ ಮುಖ ಆವರೆಗೆ ಅಳತೆ ತಪ್ಪಿ ಕತ್ತರಿಸಿದ ಬಟ್ಟೆಯಂತೆ ಜೋತುಬಿದ್ದಿತ್ತು. ಕರಣೆ ಎಂಬ ಮಾತು ಕೇಳಿದ್ದೇ ಓಡಿಹೋಗಿ ತಂದುಕೊಟ್ಟ. ಹಸಿರು ಕಲೆಯ ಕೆಳಗಿನ ಅಂಚು ದುಂಡಾಗಿ ಮುಗಿಯುವ ಬದಲು ನೇರ ಮಣ್ಣಿನೊಳಕ್ಕೆ ಇಳಿದಿತ್ತು, ಅರ್ಧ ಮುಳುಗಿದ ತಟ್ಟೆಯ ಹಾಗೆ. ವ್ಯಾಪಾರಿ ಬುಡದ ಮಣ್ಣನ್ನು ನಾಲ್ಕು ಬೆರಳಿನಷ್ಟು ಕೆರೆದ. ತಟ್ಟೆಯ ಉಳಿದ ಭಾಗ ಅಲ್ಲಿತ್ತು. ಕಂದು ಬಣ್ಣಕ್ಕೆ ತಿರುಗಿ, ಕೊಳೆತು, ಚಕ್ಕೆ ಎದ್ದು.

ವ್ಯಾಪಾರಿ: ಇನ್‌ಸ್ಪೆಕ್ಟರ್ ಸಾಹೇಬ್ರೇ, ಇದು ಬೆಳಕು ಕುಡಿದು ಬದುಕೋ ಜೀವ. ಮಣ್ಣೊಳಗೆ ಹುಟ್ಟೋದೂ ಇಲ್ಲ, ಹಬ್ಬೋದೂ ಇಲ್ಲ. ಇಲ್ಲಿ ಹೂತಿಟ್ಟು ಬಹಳ ಕಾಲ ಆಗಿಲ್ಲ. ಮೂರು ತಿಂಗಳು ಅಂದುಕೊಳ್ಳಿ.

ತಮ್ಮ: ಮೂರು ತಿಂಗಳು. ಬಾಣಂತನ.

ಅಣ್ಣ: ಮಳೆಗೆ ಮಣ್ಣು ಬಂದು ನಿಂತಿರಬೇಕು.

ತಮ್ಮ: ಮಳೆ ಕಲ್ಲಿನ ಸುತ್ತ ಮಾತ್ರ ಬಂದು, ಮಣ್ಣು ಒಟ್ಟಿ, ಮೇಲೆ ಕಾಲಲ್ಲಿ ತುಳಿದು ಹೋಯ್ತಾ?

ಅಣ್ಣ: ಹೂತಿದ್ದು ಅಷ್ಟು ಆಳ ಆಗಿದ್ದೇ ತಪ್ಪಾಯ್ತು.

ತಮ್ಮ: ಏನಂದೆ?

ಅಣ್ಣ: ಏನೂ ಅನ್ನಲಿಲ್ಲ.

ತಮ್ಮ: ಮೂವತ್ತು ವರ್ಷ ಊರಿನ ತಕ್ಕಡಿಗಳಿಗೆಲ್ಲ ಮುದ್ರೆ ಒತ್ತಿದ ಮನುಷ್ಯ, ಸ್ವಂತ ತಮ್ಮನ ಒಂದು ಮೊಳ ನುಂಗಿದ. ಬರೀರಿ ಸಾಹುಕಾರ್ರೇ. ಅಣ್ಣನಾದವನು ಕಲ್ಲು ಕಿತ್ತು ಸರಿಸಿದ್ದಾನೆ ಅಂತ ದಪ್ಪ ಅಕ್ಷರದಲ್ಲಿ ಬರೀರಿ. ಅದಕ್ಕೆ ನಾನು ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕ್ತೀನಿ.

ವ್ಯಾಪಾರಿ: ತಾಳಿ. ಕೆಳಗೆ ಇನ್ನೂ ಏನೋ ಇದೆ.

ತಮ್ಮ: ಇದ್ದರೆ ಅದನ್ನೂ ಬರೀರಿ. ಇನ್ನೂ ಆಳಕ್ಕೆ ಕೆರೀರಿ. ಎಲ್ಲಾ ಹೊರಗೆ ಬರಲಿ.

ವ್ಯಾಪಾರಿ ಕೆರೆದ. ದೊಡ್ಡ ತಟ್ಟೆಯ ಕೆಳಗೆ, ಮತ್ತೂ ಒಂದು ಗೇಣಿನ ಉದ್ದಕ್ಕೆ, ಸಣ್ಣ ಕಲೆಗಳ ಒಂದು ಸಾಲು ಕಾಣಿಸಿತು. ಒಂದೊಂದೂ ನೀರು ಕುಡಿಯುವ ಲೋಟದ ಬಾಯಿಯಷ್ಟಗಲ. ಅದಕ್ಕೂ ಕೆಳಗೆ ಕಲ್ಲು ಹುಟ್ಟಿದ ಹಾಗೇ ಬೋಳಾಗಿತ್ತು. ಅವನು ಬೆರಳಿಟ್ಟು ಅಳೆದ, ಮತ್ತೆ ಅಳೆದ, ಆಮೇಲೆ ಭೂತಗನ್ನಡಿ ಒರೆಸಿಕೊಂಡ.

ವ್ಯಾಪಾರಿ: ಇವು ದೊಡ್ಡದರ ಮೊಮ್ಮಕ್ಕಳು. ಇಪ್ಪತ್ತು ವರ್ಷ ದಾಟಿರಲಾರವು. ಅಂದ್ರೆ ನಿಮ್ಮಪ್ಪ ನೆಟ್ಟಾಗ ಈ ಭಾಗ ಮಣ್ಣೊಳಗಿತ್ತು. ಇಪ್ಪತ್ತು ವರ್ಷದ ಹಿಂದೆ ಇನ್ಯಾರೋ ಈ ಕಲ್ಲು ಕಿತ್ತು, ಇನ್ನೊಂದು ಕಡೆ ನೆಟ್ಟಿದ್ದಾರೆ. ಅವರಿಗೆ ಆಳವಾಗಿ ಅಗೆಯೋ ಅಭ್ಯಾಸ ಇರಲಿಲ್ಲ. ಮೇಲೆ ಮೇಲೆ ಕಚ್ಚಾ ಹೊಲಿಗೆ ಹಾಕಿದ ಹಾಗೆ ನಿಲ್ಲಿಸಿಬಿಟ್ಟಿದ್ದಾರೆ.

ತಮ್ಮ: ಮಳೆಗೆ ಮಣ್ಣು ಕೊಚ್ಚಿ ಹೋಗಿರಬೇಕು.

ಅಣ್ಣ: ಈ ಹಿತ್ತಿಲಿನ ಮಳೆ ಬಹಳ ಕೆಲಸಗಾರ ಕಣೋ. ನನ್ನ ಕಾಲದಲ್ಲಿ ತುಂಬುತ್ತೆ, ನಿನ್ನ ಕಾಲದಲ್ಲಿ ಕೊಚ್ಚುತ್ತೆ.

ವ್ಯಾಪಾರಿ: ಆ ಕಿಟಕಿ ಯಾವಾಗ ಇಡಿಸಿದ್ದು ದರ್ಜಿಗಳೇ?

ತಮ್ಮ: ಯಾವ ಕಿಟಕಿ?

ವ್ಯಾಪಾರಿ: ಇರೋದು ಒಂದೇ.

ತಮ್ಮ: ಅದಾ. ಅದು ಆಗಿ... ವರ್ಷ ಯಾರು ಎಣಿಸ್ತಾರೆ.

ಬಾಗಿಲಿನಿಂದ ಅತ್ತಿಗೆ ಹೇಳಿದಳು: ಇಪ್ಪತ್ತು. ನಾನು ತವರಿಗೆ ಹೋದ ವರ್ಷ. ಬಂದು ನೋಡಿದ್ರೆ ಬಾಗಿಲಿಂದ ಈ ಕಲ್ಲಿಗೆ ಕಟ್ಟಿದ್ದ ಬಟ್ಟೆ ಒಣಹಾಕೋ ಹಗ್ಗ ಒಂದು ಗೇಣು ಉದ್ದ ಆಗಿಬಿಟ್ಟಿತ್ತು. ಜೋತುಬೀಳ್ತಿತ್ತು.

ಅಣ್ಣ: ನಿನಗೆ ಗೊತ್ತಿತ್ತಾ?

ಅತ್ತಿಗೆ: ಮೂರು ತಿಂಗಳ ಹಿಂದೆ ಹಗ್ಗ ಗಿಡ್ಡ ಆದಾಗಲೂ ಗೊತ್ತಾಯ್ತು. ಈ ಮನೆಯಲ್ಲಿ ಅಳತೆ ನೀವೊಬ್ಬರೇ ನೋಡ್ತೀರಾ?

ಅಣ್ಣ: ನಾನು ಅವನು ತಗೊಂಡ ಗೇಣನ್ನ ವಾಪಸ್ಸು ತಂದೆ, ಅಷ್ಟೇ.

ತಮ್ಮ: ಗೇಣು ಹೋಗಿ ಮೊಳ ಆಗಿದ್ದು ಹೇಗೆ?

ಅಣ್ಣ: ಇಪ್ಪತ್ತು ವರ್ಷ ಆಯ್ತಲ್ಲ. ಬೆಳೆದಿರುತ್ತೆ.

ವ್ಯಾಪಾರಿ ಕಾಗದವನ್ನು ಮಂಡಿಯ ಮೇಲೆ ಹರಡಿಕೊಂಡು, ಪೆನ್ನಿನ ಮುಚ್ಚಳ ತೆಗೆದ.

ವ್ಯಾಪಾರಿ: ಸರಿ. ಇಬ್ಬರೂ ಕೇಳಿದ್ದನ್ನ ಬರೀತೀನಿ. ಇದು ಕಲ್ಲುಹೂವು. ಇಪ್ಪತ್ತು ವರ್ಷದ ಹಿಂದೆ ದರ್ಜಿಗಳು ಒಂದು ಸಲ, ಮೂರು ತಿಂಗಳ ಹಿಂದೆ ನಿವೃತ್ತ ಇನ್‌ಸ್ಪೆಕ್ಟರು ಇನ್ನೊಂದು ಸಲ. ದಪ್ಪ ಅಕ್ಷರ ಇಬ್ಬರಿಗೂ ಬೇಕಾ, ಒಬ್ಬರಿಗೆ ಸಾಕಾ?

ಅಣ್ಣ ತಮ್ಮನ ಮುಖ ನೋಡಿದ. ತಮ್ಮ ಅಣ್ಣನ ಮುಖ ನೋಡಿದ. ಇಪ್ಪತ್ತು ವರ್ಷದಲ್ಲಿ ಇಬ್ಬರೂ ಒಂದೇ ವಿಷಯವನ್ನು ಒಟ್ಟಿಗೆ ಯೋಚಿಸಿದ್ದು ಅದೇ ಮೊದಲು.

ಅಣ್ಣ: ಸಾಹುಕಾರ್ರೇ, ಈಗ ಬಿಸಿಲು ಬಿದ್ದ ಮೇಲೆ ನೋಡಿದ್ರೆ... ಸ್ವಲ್ಪ ಸುಣ್ಣದ ಹಾಗೇ ಕಾಣುತ್ತೆ.

ತಮ್ಮ: ಸ್ವಲ್ಪ ಏನು? ಸುಣ್ಣವೇ. ನಾನು ಬೆಳಿಗ್ಗೆಯಿಂದ ಹೇಳ್ತಿರೋದೇನು?

ವ್ಯಾಪಾರಿ: ನೀರು ಹಾಕಿದಾಗ ಹಸಿರಾಯ್ತಲ್ಲ.

ಅಣ್ಣ: ನಮ್ಮ ನೀರೇ ಹಾಗೆ. ಟ್ಯಾಂಕು ತೊಳೆಸಿಲ್ಲ.

ತಮ್ಮ: ಅಣ್ಣ ಹೇಳಿದ ಮೇಲೆ ಮುಗೀತು. ಅಳತೆ ಇಲಾಖೆಯಲ್ಲಿ ಇದ್ದೋರು.

ವ್ಯಾಪಾರಿ: ಸುಣ್ಣ ಅಂತ ಬರೆದ್ರೆ ಕಲ್ಲು ಹಳೇದು ಅನ್ನೋದಕ್ಕೆ ಸಾಕ್ಷಿ ಇಲ್ಲ. ಗೋಡೆಗೆ ಪರವಾನಗಿ ಸಿಗಲ್ಲ.

ಅಣ್ಣ: ಗೋಡೆ ಯಾರಿಗೆ ಬೇಕು? ಹಿತ್ತಿಲಿಗೆ ಗಾಳಿ ಬರಲ್ಲ. ಅವನ ಕಿಟಕಿ ಇರೋದ್ರಿಂದ ತಾನೇ ರಾತ್ರಿ ನಮ್ಮ ಹಿತ್ತಿಲಲ್ಲೂ ನಾಲ್ಕು ಹೆಜ್ಜೆ ಕಾಣೋದು.

ವ್ಯಾಪಾರಿ ಪೆನ್ನಿಗೆ ಮುಚ್ಚಳ ಹಾಕಿ, ಬರೆಯದ ಕಾಗದವನ್ನು ಮಡಿಸಿ ಅಣ್ಣನ ಜೇಬಿಗೇ ಇಟ್ಟ.

ವ್ಯಾಪಾರಿ: ನನ್ನ ತಕ್ಕಡಿ ಕೂದಲೆಳೆಯಷ್ಟು ವಾಲಿದ್ದು ಇವತ್ತು ಸಮ ಆಯ್ತು. ಕಲ್ಲನ್ನ ಮಾರೋದಾದ್ರೆ ಮೊದಲು ನನಗೆ ಹೇಳಿ. ಇಷ್ಟು ಓಡಾಡಿರೋ ಬಂಡೆ ನನ್ನ ಅಂಗಡಿಯಲ್ಲಿ ಇನ್ನೊಂದಿಲ್ಲ.

ಅವನು ಓಣಿಗೆ ಇಳಿಯುವ ಮೊದಲೇ ಅತ್ತಿಗೆ ತಂತಿಬ್ರಷ್ಷುಗಳೆರಡನ್ನು ತಂದು, ಯಾರೂ ಕೇಳದಿದ್ದರೂ, ಇಬ್ಬರ ಕೈಗೂ ಒಂದೊಂದು ಕೊಟ್ಟಳು. ಅಣ್ಣ ಮೇಲಿನಿಂದ, ತಮ್ಮ ಕೆಳಗಿನಿಂದ ಉಜ್ಜತೊಡಗಿದರು. ಬಕೆಟ್ಟಿನ ನೀರು ಖಾಲಿಯಾಯಿತು. ಕಲೆ ಇನ್ನಷ್ಟು ಹಸಿರಾಗಿ, ಹೊಸದಾಗಿ, ಕಳೆಕಳೆಯಾಗಿ ಹೊಳೆಯಿತು.

ತಮ್ಮ: ಅಣ್ಣ, ಈ ಸುಣ್ಣ ಬಿಡ್ತಾನೇ ಇಲ್ಲ ಕಣೋ.

ಅಣ್ಣ: ಉಜ್ಜು, ಉಜ್ಜು. ಅಪ್ಪ ಬಳಿದಿರೋದು. ಅಷ್ಟು ಸುಲಭಕ್ಕೆ ಬಿಡಲ್ಲ.