ಅಣು ವಾಲ್ವಿನ ತಪಾಸಣೆಗೆ ಬಂದ ಸಾಹೇಬರು

ಇವತ್ತು ನಗೆಪಾಟಲು ಆಗಬಾರದು ಎಂದು ನಾವು ಗಟ್ಟಿ ಮನಸ್ಸು ಮಾಡಿದ ದಿನವೇ ಅದು ಆಗುತ್ತದೆ. ನಮ್ಮ ಕಾರ್ಖಾನೆಯಲ್ಲಿ ಇದು ತಪ್ಪಿದ್ದೇ ಇಲ್ಲ. ಆಗುವಾಗ ಮಾತ್ರ ಯಾರಿಗೂ ನಗು ಬರುವುದಿಲ್ಲ. ಮನೆಗೆ ಹೋಗಿ, ಬೂಟು ಬಿಚ್ಚಿ, ಕಾಲು ಚಾಚಿ ಕೂತ ಮೇಲೆ ಬರುತ್ತದೆ. "ಯಾಕ ಒಬ್ಬರ ನಗಾಕತ್ತೀರಿ?" ಎಂದು ಹೆಂಡತಿ ಕೇಳುತ್ತಾಳೆ. ಹೇಳುವಷ್ಟು ತ್ರಾಣ ಉಳಿದಿರುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ರಿಪೋರ್ಟ್ ಬಿಟ್ಟರೆ ನಾನು ಹಿಂದೆ ಏನನ್ನೂ ಬರೆದವನಲ್ಲ. ಹಾಗಾಗಿ ಎಲ್ಲವನ್ನೂ ಬುಡದಿಂದ ಹೇಳುತ್ತೇನೆ, ಗೊತ್ತಿದ್ದವರು ಬೇಸರ ಮಾಡಿಕೊಳ್ಳಬಾರದು.

ವಾಲ್ವ್ ಎಂದರೆ ಪೈಪಿನಲ್ಲಿ ಹೋಗುವ ನೀರನ್ನೋ ಉಗಿಯನ್ನೋ ಬೇಕಾದಾಗ ಬಿಡುವ, ಬೇಡವಾದಾಗ ತಡೆಯುವ ಸಾಧನ. ನಿಮ್ಮ ಮನೆಯ ನಲ್ಲಿಯೂ ಒಂದು ಬಗೆಯ ವಾಲ್ವೇ. ಹೊಸಪೇಟೆಯ ಹೊರಗಿರುವ ನಮ್ಮ ಕಾರ್ಖಾನೆಯಲ್ಲಿ ಅಣು ವಿದ್ಯುತ್ ಸ್ಥಾವರಕ್ಕೆ ಬೇಕಾದ ವಾಲ್ವ್ ಮಾಡುತ್ತೇವೆ. ಅಣು ಎಂದ ಕೂಡಲೇ ನೆಂಟರು ನನ್ನ ಪಕ್ಕದಿಂದ ಸ್ವಲ್ಪ ಸರಿದು ಕೂಡುತ್ತಾರೆ. ಹೆದರುವಂಥದ್ದು ನಮ್ಮಲ್ಲಿ ಏನೂ ಇಲ್ಲ, ಬರೀ ಸ್ಟೀಲು. ಆದರೆ ಅಲ್ಲಿ ಒಮ್ಮೆ ಕೂರಿಸಿದ ವಾಲ್ವ್ ಕೆಟ್ಟರೆ ಸುಲಭಕ್ಕೆ ಹತ್ತಿರ ಹೋಗಿ ರಿಪೇರಿ ಮಾಡಲಾಗುವುದಿಲ್ಲ. ಆದ್ದರಿಂದ ಕಳಿಸುವ ಮುಂಚೆ ಒಂದೊಂದನ್ನೂ ಪರೀಕ್ಷಿಸಬೇಕು, ಸ್ಥಾವರದ ಕಡೆಯ ತಪಾಸಣಾಧಿಕಾರಿ ಬಂದು ಕಣ್ಣಾರೆ ನೋಡಬೇಕು, ಆಮೇಲೆ ಸಹಿ. ಕಾರ್ಖಾನೆಯ ಪರವಾಗಿ ಅವರ ಹಿಂದೆ ಓಡಾಡುವವನು ನಾನು. ನನ್ನ ವಿಭಾಗದ ಹೆಸರು ಗುಣಮಟ್ಟ ಖಾತರಿ. ಕೆಲಸ ಏನೆಂದರೆ, ಯಾರು ಏನು ಮಾಡಿದರೂ ಉತ್ತರ ಕೊಡುವುದು.

ನಮ್ಮ ಮಾಲೀಕರು ಕಂಪ್ಲಿಯ ರೈಸ್ ಮಿಲ್ ಮನೆತನದವರು. ಮಿಲ್ಲಿನ ಬಾಯ್ಲರಿಗೆ ವಾಲ್ವ್ ಮಾಡುತ್ತ ಮಾಡುತ್ತ ಇಲ್ಲಿಯವರೆಗೆ ಬಂದವರು. ಅವರನ್ನು ಎಲ್ಲರೂ ಸಾವ್ಕಾರ್ರು ಎನ್ನುತ್ತೇವೆ. ಅಣು ಸ್ಥಾವರಕ್ಕೆ ಮಾಡಿದ ಮೊದಲ ಲಾಟು, ಅಂದರೆ ಮೊದಲ ಕಂತಿನ ಅಷ್ಟೂ ವಾಲ್ವ್, ಫೇಲಾಗಿತ್ತು. ಎರಡನೆಯದು ತಯಾರಾದಾಗ ನಮ್ಮನ್ನೆಲ್ಲ ಕರೆದು ಹೇಳಿದರು: "ಇದೂ ಫೇಲ್ ಆತಂದ್ರ ನಂಗ ಸಾಕ್ರಪಾ. ಈ ಅಣು ಗಿಣು ಸೆಕ್ಷನ್ನಿಗೆ ಬೀಗ ಹಾಕಿ ಮತ್ತ ರೈಸ್ ಮಿಲ್ ವಾಲ್ವಾ ಮಾಡೂನು." ರೈಸ್ ಮಿಲ್ ವಾಲ್ವಿಗೆ ಗುಣಮಟ್ಟ ಖಾತರಿ ಎಂಬ ವಿಭಾಗ ಬೇಕಿಲ್ಲ. ಅಂದರೆ ನನಗೆ, ನಮ್ಮ ಮೇಸ್ತ್ರಿಗೆ, ಟೆಸ್ಟಿಂಗ್ ನೋಡುವ ಮಲಪನಗುಡಿಯ ಅಕ್ಕನಿಗೆ, ಆ ಸೆಕ್ಷನ್ನಿನ ಅಷ್ಟೂ ಜನಕ್ಕೆ ಅಲ್ಲಿಗೆ ಅನ್ನದ ದಾರಿ ಮುಗಿದಂತೆ. ಇಷ್ಟು ತಿಳಿದಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಬಿಳಿ ಬಟ್ಟೆ

ಈ ಸಲ ತಪಾಸಣೆಗೆ ಬಂದ ಸಾಹೇಬರು ಮೈಸೂರು ಕಡೆಯವರು, ನಿವೃತ್ತಿಗೆ ಹತ್ತಿರವಾದವರು. ಕಾರಿನಿಂದ ಇಳಿಯುವಾಗಲೇ ಸುಸ್ತಾಗಿದ್ದರು. ನನಗೂ ಸುಸ್ತಾಗಿತ್ತು. ಹೀಗಾಗಿ ಮೊದಲ ಭೇಟಿಯಲ್ಲೇ ನಮಗಿಬ್ಬರಿಗೂ ಒಂದು ಹೊಂದಾಣಿಕೆ ಆಯಿತು.

ಮೊದಲ ಪರೀಕ್ಷೆ ಬಿಳಿ ಬಟ್ಟೆಯದು. ವಾಲ್ವನ್ನು ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಉಳಿಯಬೇಕು. ಯಾಕೆಂದರೆ ಕಬ್ಬಿಣದ ಧೂಳು ಕೂತರೆ ಒಳ್ಳೆಯ ಸ್ಟೀಲಿಗೂ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಇದು ಬೇರೆ ಊರಿನಲ್ಲಿ ಸಣ್ಣ ವಿಷಯ. ನಮ್ಮ ಕಾರ್ಖಾನೆ ಇರುವುದು ಸಂಡೂರು ರಸ್ತೆಯಲ್ಲಿ. ಯಶವಂತನಗರದ ಕಡೆಯಿಂದ ಬರುವ ಕಬ್ಬಿಣದ ಅದಿರಿನ ಲಾರಿಗಳೆಲ್ಲ ಕೆಂಪು ಧೂಳೆಬ್ಬಿಸುತ್ತ ನಮ್ಮ ಗೇಟಿನ ಮುಂದೆಯೇ ಹೋಗುತ್ತವೆ. ಇಲ್ಲಿ ಮೂಲತಃ ಬಿಳಿಯಾಗಿದ್ದ ನಾಯಿಗಳೂ ಕೆಂಪು.

ಸಾಹೇಬರು ತಮ್ಮ ಚೀಲದಿಂದ ಬಟ್ಟೆ ತೆಗೆದು ಒರೆಸಿದರು. ಬಟ್ಟೆ ಕೆಂಪಾಯಿತು. ಆಗ ಮೇಸ್ತ್ರಿ, "ಸಾಹೇಬ್ರ, ಆ ಬಟ್ಟಿ ಸ್ವಲ್ಪ ಹೊಳ್ಳಿಸಿ ನೋಡ್ರಿ" ಎಂದರು. ಒರೆಸದೆ ಇದ್ದ ಇನ್ನೊಂದು ಬದಿಯೂ ಅಷ್ಟೇ ಕೆಂಪಾಗಿತ್ತು. ಬಟ್ಟೆ ಕಾರಿನ ಕಿಟಕಿ ಪಕ್ಕದಲ್ಲಿ ಕೂತು ಬಂದಿತ್ತು.

ಪೇಟೆಯಿಂದ ಹೊಸ ಬಟ್ಟೆ ತರಿಸಿದೆವು. ಬೈಕಿನಲ್ಲಿ ಬಂದದ್ದರಿಂದ ಅದೂ ಕೆಂಪು. ಕೊನೆಗೆ ಮೆಡಿಕಲ್ ಅಂಗಡಿಯಿಂದ, ಗಾಯಕ್ಕೆ ಕಟ್ಟುವ, ಸೀಲ್ ಮಾಡಿದ ಬ್ಯಾಂಡೇಜ್ ಬಟ್ಟೆ ತರಿಸಿ ಒಳಗೇ ಒಡೆದೆವು. ಒಂದೊಂದೇ ವಾಲ್ವನ್ನು ಅದರಿಂದ ಒರೆಸುತ್ತ ಬಂದರು. ಬಟ್ಟೆ ಹಾಲಿನಂತೆ ಬೆಳ್ಳಗೆ ಉಳಿಯಿತು. ನಾವೆಲ್ಲ ಉಸಿರು ಬಿಟ್ಟೆವು. ಮಿಕ್ಕ ತುಂಡಿನಲ್ಲಿ ಸಾಹೇಬರು ಹಣೆಯ ಬೆವರು ಒರೆಸಿಕೊಂಡು, ಅದನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದರು:

"ವಾಲ್ವ್ ಪಾಸು. ನಾನು ಫೇಲು."

ಬಚ್ಚಲ ನಲ್ಲಿ

ಇದು ಚಿಕ್ಕದು. ಊಟಕ್ಕೆ ಮುಂಚೆ ಸಾಹೇಬರು ಕೈ ತೊಳೆಯಲು ಹೋದರು. ಅಲ್ಲಿಯ ನಲ್ಲಿ ಎಷ್ಟು ತಿರುಗಿಸಿದರೂ ನಿಲ್ಲುವುದಿಲ್ಲ, ತೊಟ್ಟಿಕ್ಕುತ್ತಲೇ ಇರುತ್ತದೆ. ನಾನು ಈ ಕಾರ್ಖಾನೆಗೆ ಸೇರಿದಾಗಿನಿಂದ ಅದು ಹಾಗೇ ಇದೆ, ನಮಗೆ ಸದ್ದು ಕೇಳಿಸುವುದೂ ನಿಂತುಹೋಗಿದೆ. ಅವರು ಹೊರಬಂದು ಸಾವ್ಕಾರ್ರ ಎದುರಿಗೇ ನಿಂತರು.

"ಅಲ್ರೀ, ಅಣು ಸ್ಥಾವರಕ್ಕೆ ವಾಲ್ವ್ ಮಾಡ್ತೀರಿ. ಬಚ್ಚಲ ನಲ್ಲಿ ಸೋರ್ತಾ ಇದೆ. ನಾನು ಏನಂತ ತಿಳ್ಕೋಬೇಕು?"

ಸಾವ್ಕಾರ್ರಿಗೆ ನಿಜವಾಗಿಯೂ ಅವಮಾನವಾಯಿತು. ಎದೆಯ ಮೇಲೆ ಕೈಯಿಟ್ಟು ಹೇಳಿದರು: "ಆಣಿ ಮಾಡಿ ಹೇಳ್ತೀನ್ರಿ ಸಾಹೇಬ್ರ, ಅದು ನಮ್ಮ ಮಾಲಲ್ರಿ. ರೊಕ್ಕಾ ಕೊಟ್ಟು ತಂದಿದ್ದು."

ತೆಗೀರಿ

ಮುಂದಿನದು ನೀರಿನ ಪರೀಕ್ಷೆ. ಇದನ್ನು ಸ್ವಲ್ಪ ವಿವರಿಸಬೇಕು. ವಾಲ್ವನ್ನು ಒಂದು ಸ್ಟ್ಯಾಂಡಿಗೆ ಬೋಲ್ಟ್ ಹಾಕಿ ಬಿಗಿದು, ಮುಚ್ಚಿ, ಒಂದು ಬದಿಯಿಂದ ನೀರು ಒತ್ತಿ ಕೊಡುತ್ತಾರೆ. ಇನ್ನೊಂದು ಬದಿ ತೆರೆದಿರುತ್ತದೆ. ಆ ಬದಿಗೆ ಒಂದು ಹನಿಯೂ ಬರಬಾರದು. ಬರುತ್ತದೆಯೋ ಎಂದು ನೋಡಲು ತಪಾಸಣಾಧಿಕಾರಿ ಆ ತೆರೆದ ಬಾಯಿಗೆ ಹತ್ತಿರ ಮುಖ ಇಟ್ಟಿರಬೇಕಾಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ.

ವಾಲ್ವಿನ ಚಕ್ರದ ಹತ್ತಿರ ಮಲಪನಗುಡಿಯ ಅಕ್ಕ ನಿಂತಿದ್ದರು. ಸಾಹೇಬರು ಮೊಣಕಾಲೂರಿ, ಬ್ಯಾಟರಿ ಬಿಟ್ಟು, ಒಳಗೆ ಇಣುಕಿ ಬಹಳ ಹೊತ್ತು ನೋಡಿದರು. ಹನಿ ಇಲ್ಲ. ತೃಪ್ತಿಯಾಯಿತು. ಇಣುಕುತ್ತಲೇ ಹೇಳಿದರು, "ಸರಿ, ಇದನ್ನ ತೆಗೀರಮ್ಮಾ."

ಅವರ ಮನಸ್ಸಿನಲ್ಲಿ ಇದ್ದದ್ದು ಸ್ಟ್ಯಾಂಡಿನಿಂದ ತೆಗೆಯಿರಿ ಎಂದು. ನಾವು ಇಲ್ಲಿ ಬಾಗಿಲು ತೆಗಿ ಎನ್ನುತ್ತೇವೆ, ಕಾಲುವೆಯ ಗೇಟು ತೆಗೆದಾರ ಎನ್ನುತ್ತೇವೆ, ವಾಲ್ವನ್ನೂ ತೆಗಿ ಎನ್ನುತ್ತೇವೆ. ಅಕ್ಕ ಚಕ್ರ ತಿರುವಿ ವಾಲ್ವ್ ತೆಗೆದರು.

ಒಳಗಿದ್ದದ್ದು ಒಂದು ಚೊಂಬಿನಷ್ಟು ನೀರು, ಪೆಟ್ಟೇನೂ ಆಗಲಿಲ್ಲ. ಆದರೆ ಅಷ್ಟೂ ಮುಖಕ್ಕೇ ಬಿತ್ತು.

"ಏನಮ್ಮಾ ಇದು!"

"ನೀವಾ ತಗೀರಿ ಅಂದ್ರಲ್ರಿ ಸಾಹೇಬ್ರ."

"ತೆಗಿ ಅಂದ್ರೆ ಸ್ಟ್ಯಾಂಡಿಂದ ತೆಗಿ ಅಂತ!"

"ಅದಕ್ಕ ಬಿಚ್ರಿ ಅನ್ಬೇಕ್ರಿ."

ಸಾಹೇಬರು ಒಳ್ಳೆಯವರು, ತಿದ್ದಿಕೊಂಡರು. ಮುಂದಿನ ವಾಲ್ವ್ ನೋಡಿ, ಮೊದಲು ಎದ್ದು ದೂರ ನಿಂತು, ಆಮೇಲೆ "ಬಿಚ್ಚಿ" ಎಂದು ಹೇಳಿ ಚಹಾಕ್ಕೆ ಹೋದರು. ಅಷ್ಟರಲ್ಲಿ ಅಕ್ಕನ ಜಾಗಕ್ಕೆ ಫಿಟ್ಟರ್ ಬಂದಿದ್ದ. ಸಾಹೇಬರು ಚಹಾ ಕುಡಿದು ಬರುವಷ್ಟರಲ್ಲಿ ಪಾಸಾಗಿದ್ದ ವಾಲ್ವಿನ ಒಂದೊಂದು ಭಾಗವನ್ನೂ ಬಿಚ್ಚಿ, ಪತ್ರಿಕೆ ಹಾಸಿ, ಮದುವೆ ಮನೆಯ ಪಾತ್ರೆಗಳ ಹಾಗೆ ಸಾಲಾಗಿ ಜೋಡಿಸಿಟ್ಟಿದ್ದ. ಜೋಡಿಸಿ, ಮತ್ತೆ ಮೊದಲಿನಿಂದ ಪರೀಕ್ಷೆ ಮಾಡಬೇಕಾಯಿತು. ಅಂದಿನಿಂದ ಆ ಸ್ಟ್ಯಾಂಡಿನ ಹತ್ತಿರ ಮಾತ್ರ ಸಾಹೇಬರು ಕನ್ನಡ ಬಿಟ್ಟು ಕೈಸನ್ನೆಗೆ ಇಳಿದರು.

ಹಂಪಿಯಲ್ಲಿ

ನಡುವೆ ಭಾನುವಾರ ಬಂತು. ಸಾಹೇಬರಿಗೆ ಲಾಡ್ಜಿನಲ್ಲಿ ಮಲಗಬೇಕಿತ್ತು. ನನಗೆ ಮನೆಯಲ್ಲಿ ಮಲಗಬೇಕಿತ್ತು. ಸಾವ್ಕಾರ್ರು ಇಬ್ಬರನ್ನೂ ಹಂಪಿಗೆ ಕರೆದುಕೊಂಡು ಹೋದರು. ಮನಸ್ಸು ಮೆತ್ತಗಾದರೆ ಸಹಿ ಬೇಗ ಬೀಳುತ್ತದೆ ಎಂಬುದು ಅವರ ಲೆಕ್ಕ.

ಬಿಸಿಲಿಗೆ ಬಂಡೆಗಳೇ ಬೆವರುವಂತಿದ್ದವು. ಹಳೆಯ ಕಾಲದವರು ನೀರು ಹರಿಸಲು ಕಟ್ಟಿದ ಕಲ್ಲಿನ ಮೇಲ್ಗಾಲುವೆ ಅಲ್ಲಿದೆ, ಕಲ್ಲಿನ ಕಂಬಗಳ ಮೇಲೆ ಉದ್ದಕ್ಕೆ ಹೋಗುತ್ತದೆ. ಸಾವ್ಕಾರ್ರು ಅದರ ಮುಂದೆ ನಿಂತು ಕೈ ಚಾಚಿದರು.

"ನೋಡ್ರಿ ಸಾಹೇಬ್ರ. ನಮ್ಮ ಭಾಗದ ಮಂದಿ ಕೆಲಸ ಅಂದ್ರ ಹಿಂಗರಿ. ವಾಷರ್ ಇಲ್ಲ, ವೆಲ್ಡಿಂಗ್ ಇಲ್ಲ. ಇವತ್ತಿಗೂ ಒಂದ್ ಹನಿ ಲೀಕ್ ಇಲ್ಲ!"

ಸಾಹೇಬರು ಟೊಪ್ಪಿಗೆ ಸರಿಸಿ, ಒಣಗಿದ ಕಲ್ಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ ಹೇಳಿದರು:

"ನೀರು ಬಿಟ್ಟು ತೋರಿಸಿ."

ಉಪ್ಪು

ಕೊನೆಗೂ ಎಲ್ಲ ಪರೀಕ್ಷೆ ಮುಗಿಯಿತು. ಉಳಿದದ್ದು ಪ್ಯಾಕಿಂಗ್ ಒಂದೇ. ತೊಳೆದು ಒಣಗಿಸಿದ ವಾಲ್ವುಗಳನ್ನು ಪ್ಲಾಸ್ಟಿಕ್ ಹೊದಿಸಿ ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದೆವು. ಸಾಹೇಬರು ಕಡೆಯ ಸಲ ನೋಡಿ ಸಹಿ ಹಾಕುವುದು, ನಾವು ಬೀಗದ ಭಯ ಬಿಟ್ಟು ಮನೆಗೆ ಹೋಗುವುದು. ಇಡೀ ಸೆಕ್ಷನ್ ಸುತ್ತ ನಿಂತಿತ್ತು.

ಸಾಹೇಬರು ಒಂದು ಪ್ಲಾಸ್ಟಿಕ್ ಸರಿಸಿ ಬ್ಯಾಟರಿ ಬಿಟ್ಟರು. ಆಮೇಲೆ ನನ್ನನ್ನು ಕರೆದರು. "ಇದೇನ್ರೀ ಇದು, ಬೆಳ್ಳಗೆ?"

ಒಳಗೆ ಒಂದೆರಡು ಹರಳು ಹೊಳೆಯುತ್ತಿದ್ದವು. ಒಂದನ್ನು ಬೆರಳಿಗೆ ಹತ್ತಿಸಿ ನಾಲಿಗೆಗೆ ಮುಟ್ಟಿಸಿದೆ. ಹಾಗೆ ಮಾಡಬಾರದು, ಆದರೆ ಮಾಡಿದೆ. ಕಲ್ಲುಪ್ಪು.

ಉಪ್ಪು ನಮ್ಮ ಕೆಲಸದಲ್ಲಿ ವಿಷವಿದ್ದ ಹಾಗೆ. ಉಪ್ಪಿನ ಅಂಶ ತಾಗಿದ ಸ್ಟೀಲು ಇವತ್ತು ಚೆನ್ನಾಗಿಯೇ ಕಾಣುತ್ತದೆ. ಮುಂದೆ ಬಿಸಿಗೆ, ಒತ್ತಡಕ್ಕೆ ಸಿಕ್ಕಾಗ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಬೆವರಿನಲ್ಲಿ ಉಪ್ಪಿದೆ ಎಂದು ನಾವು ಗ್ಲೌಸ್ ಇಲ್ಲದೆ ವಾಲ್ವ್ ಮುಟ್ಟುವುದೇ ಇಲ್ಲ. ಅಂಥದ್ದರಲ್ಲಿ ಅಡಿಗೆಮನೆಯ ಉಪ್ಪು! ಸಾವ್ಕಾರ್ರು ಹತ್ತಿರದ ಖಾಲಿ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು.

ಮೇಸ್ತ್ರಿ ತಾವೇ ಮುಂದೆ ಬಂದರು. ಹಣೆತುಂಬ ವಿಭೂತಿ, ಕಣ್ಣಲ್ಲಿ ನೀರು. "ನಂದಾ ತಪ್ರಿ. ಹಾಕಿದ್ದಲ್ರಿ, ನಿವಾಳಿಸಿದ್ದು. ಕೈ ಜಾರಿ ಒಂದೆರಡು ಹಳ್ಳು ಬಿದ್ದಿರಬೇಕು."

"ನಿವಾಳಿಸಿದ್ದಾ? ಯಾಕೆ?"

"ದೃಷ್ಟಿ ಆಗಿತ್ರಿ."

"ಯಾರ ದೃಷ್ಟಿ?"

ಮೇಸ್ತ್ರಿ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ನಿಮ್ದಾ ರಿ ಸಾಹೇಬ್ರ."

"ನನ್ನದಾ?"

"ಮತ್ತ ಯಾರ್ದ್ರಿ? ಬಂದಾಗಿಂದ ಒಂದೊಂದನ್ನೂ ಬ್ಯಾಟ್ರಿ ಬಿಟ್ಟು, ಭೂತಗನ್ನಡಿ ಹಿಡಿದು, ಮ್ಯಾಲ ಕೆಳಗ ನೋಡೀರಿ. ಹಸುಗೂಸನ್ನ ಹಿಂಗ ನೋಡಿದ್ರ ಅದು ಹಾಲು ಕುಡಿಯೂದು ಬಿಡತಿತ್ರಿ."

ಯಾರೂ ನಗಲಿಲ್ಲ. ಸಾಹೇಬರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ನಾನು ಧೈರ್ಯ ಮಾಡಿ ಹೇಳಿದೆ: "ಸರ್, ಅಷ್ಟೂ ಪೆಟ್ಟಿಗೆ ಬಿಚ್ಚಿ ಶುದ್ಧ ನೀರಲ್ಲಿ ಮತ್ತೆ ತೊಳೀತೀವಿ. ತೊಳೆದ ನೀರನ್ನ ನೀವೇ ಪರೀಕ್ಷೆ ಮಾಡಿ. ಉಪ್ಪಿನಂಶ ಸಿಕ್ಕರೆ ನಾವೇ ಲಾಟು ವಾಪಸ್ ತಗೋತೀವಿ." ಅವರು ಒಪ್ಪಿ ತಲೆಯಾಡಿಸಿದರು.

ಎಲ್ಲರೂ ತೊಳೆದೆವು. ಸಾವ್ಕಾರ್ರು ಪಂಚೆ ಎತ್ತಿಕಟ್ಟಿ ತೊಳೆದರು. ತೊಳೆದ ನೀರಿಗೆ ಒಂದು ದ್ರಾವಣದ ಹನಿ ಹಾಕುತ್ತಾರೆ. ಉಪ್ಪಿದ್ದರೆ ನೀರು ಹಾಲಿನಂತೆ ಕದಡುತ್ತದೆ. ಒಂದೊಂದು ಹನಿಗೂ ನಾವು ಅಷ್ಟೂ ಜನ ಸಾಹೇಬರ ಮುಖ ನೋಡುತ್ತಿದ್ದೆವು. ಯಾವುದೂ ಕದಡಲಿಲ್ಲ.

ಇಷ್ಟಾದರೂ ಇನ್ನೊಂದು ಬಾಕಿ ಇತ್ತು. ನಮ್ಮ ಕೆಲಸದಲ್ಲಿ ಒಂದು ತಪ್ಪಾದರೆ, ಮುಂದೆ ಆಗದಂತೆ ಏನು ಮಾಡುತ್ತೀರಿ ಎಂದು ಹೇಳಲೇಬೇಕು. ಸಾಹೇಬರು ಅದನ್ನು ಮೇಸ್ತ್ರಿಗೇ ಕೇಳಿದರು.

ಮೇಸ್ತ್ರಿ ಯೋಚಿಸಿ ಹೇಳಿದರು: "ಉಪ್ಪು ಬ್ಯಾಡ್ರಿ. ಬರೇ ಮೆಣಸಿನಕಾಯಿ ನಿವಾಳಿಸ್ತೀನಿ."

ಸಾಹೇಬರು ನಿಧಾನವಾಗಿ ನನ್ನ ಕಡೆ ತಿರುಗಿದರು. "ಮೆಣಸಿನಕಾಯಲ್ಲಿ ಉಪ್ಪಿನಂಶ ಎಷ್ಟಿರುತ್ತೆ ರೀ?"

ಉತ್ತರಕ್ಕೆ ಅವರು ಕಾಯಲಿಲ್ಲ. ಇನ್ನು ಮುಂದೆ ಸೆಕ್ಷನ್ನಿನೊಳಗೆ ಯಾವ ತಿನ್ನುವ ಪದಾರ್ಥವೂ ಬರಕೂಡದು ಎಂದು ನಿಯಮ ಮಾಡಿಸಿ, ಅವರು ಸಹಿ ಹಾಕಿದರು. ಲಾಟು ಪಾಸಾಯಿತು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಫಿಟ್ಟರ್ ಶಿಳ್ಳೆ ಹಾಕಿದ.

ಬೀಳ್ಕೊಡಲು ಎಲ್ಲರೂ ಗೇಟಿನವರೆಗೆ ಹೋದೆವು. ಕಾರು ಹತ್ತುವ ಮುಂಚೆ ಸಾಹೇಬರು ನಿಂತು ಮೇಸ್ತ್ರಿಯನ್ನು ಕರೆದರು.

"ಆ ಉಪ್ಪು ಇನ್ನೂ ಇದೆಯೇನ್ರೀ?"

ಮೇಸ್ತ್ರಿ ಬಿಳಿಚಿಕೊಂಡರು. "ಒಳಗ ಇಲ್ರಿ. ಇಲ್ಲೇ ಗೇಟಿನ ಚಹಾ ಅಂಗಡ್ಯಾಗ ಒಂದು ಹಿಡಿ ಇಟ್ಟೀನ್ರಿ."

"ತನ್ನಿ. ನನಗೊಂದು ಸಲ ನಿವಾಳಿಸಿ."

"ನಿಮಗ್ಯಾಕ್ರಿ ಸಾಹೇಬ್ರ? ಕಣ್ಣು ಹಾಕಿದವ್ರಿಗೆ ತಗಿಯಂಗಿಲ್ರಿ. ಕಣ್ಣು ಬಿದ್ದವ್ರಿಗೆ ತಗೀಬೇಕು."

"ಗೊತ್ತು ಕಣ್ರೀ. ಬಂದಾಗಿಂದ ನೀವು ಅಷ್ಟೂ ಜನ ನನ್ನನ್ನೇ ನೋಡ್ತಿದೀರಿ. ಊಟ ಮಾಡಿದ್ರೆ ನೋಡ್ತೀರಿ, ಕೆಮ್ಮಿದ್ರೆ ನೋಡ್ತೀರಿ, ಜೇಬಿಗೆ ಕೈ ಹಾಕಿದ್ರೆ ಉಸಿರು ಬಿಗಿಹಿಡಿದು ನೋಡ್ತೀರಿ. ಲಾಡ್ಜಿಗೆ ಹೋದ್ರೆ ನಿದ್ದೆ ಇಲ್ಲ, ಹೊಟ್ಟೆ ಸರಿ ಇಲ್ಲ."

ಮೇಸ್ತ್ರಿ ಭಕ್ತಿಯಿಂದ ಮೂರು ಸುತ್ತು ನಿವಾಳಿಸಿ, ಉಪ್ಪನ್ನು ಚಹಾ ಅಂಗಡಿಯ ಇದ್ದಿಲ ಒಲೆಗೆ ಹಾಕಿದರು. ದೃಷ್ಟಿ ಜಾಸ್ತಿ ಇದ್ದಷ್ಟೂ ಉಪ್ಪು ಜೋರಾಗಿ ಸಿಡಿಯುತ್ತದೆ ಎಂದು ನಮ್ಮ ಕಡೆ ನಂಬಿಕೆ. ಅದು ಪಟಾಕಿ ಸರದ ಹಾಗೆ ಸಿಡಿಯಿತು. ಅಂಗಡಿಯ ಅಜ್ಜಿ ಹೌಹಾರಿ ಹಿಂದೆ ಸರಿದರು.

"ಎಪ್ಪಾ! ಯಾವ ಪಾಪಿಗಳ ಕಣ್ಣೋ ಇದು, ಇಷ್ಟ್ ಕೆಟ್ಟದ್ದು!"

ಸಾವ್ಕಾರ್ರು, ಮೇಸ್ತ್ರಿ, ಅಕ್ಕ, ನಾನು, ಇಡೀ ಸೆಕ್ಷನ್, ಎಲ್ಲರೂ ಒಟ್ಟಿಗೆ ಸಾಹೇಬರ ಕಡೆಯಿಂದ ಮುಖ ತಿರುಗಿಸಿ ಸಂಡೂರಿನ ಗುಡ್ಡ ನೋಡುತ್ತ ನಿಂತೆವು.