ಮದುಮಗಳ ಕಾರಿನ ಹಿಂದೆ ಬಂದವರು

ನಮ್ಮ ಕಾರಿನ ಕಥೆಯನ್ನು ನನಗೆ ಮೊದಲು ಹೇಳಿದವರು ಲಾಯಿಲದ ಒಬ್ಬರು ಕ್ಷೌರದಂಗಡಿಯವರು. ಕಾರು ನನ್ನದು, ಓಡಿಸಿದವನು ನಾನು. ಆದರೂ ಅದು ಕಥೆಯಾಗಿ ನನಗೆ ಸಿಕ್ಕಿದ್ದು ಅವರ ಬಾಯಿಂದ. ಹಳೆಯ ಡೀಸೆಲ್ ಕಾರು ಇಟ್ಟುಕೊಂಡವನ ಸಂಸಾರದಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ಅವನು ಮನೆ ಮುಟ್ಟುವ ಮೊದಲೇ ಅವನ ಸುದ್ದಿ ಊರು ಮುಟ್ಟಿರುತ್ತದೆ.

ನನಗೆ ಬಂಟ್ವಾಳ ಪೇಟೆಯಲ್ಲಿ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ, ಮನೆ ನರಿಕೊಂಬಿನಲ್ಲಿ. ದೊಡ್ಡ ದೊಡ್ಡ ಹಂಡೆ, ಕೊಪ್ಪರಿಗೆ ಸಾಗಿಸಲಿಕ್ಕೆ ಒಂದು ಗಾಡಿ ಬೇಕಿತ್ತು. ಡೀಸೆಲ್ಲಾದರೆ ಅಗ್ಗ ಎಂದು ಎಲ್ಲರೂ ಹೇಳಿದರು. ಹಾಗೆ ತೊಂಬತ್ತರ ದಶಕದಲ್ಲಿ ದುಂಡು ಬೆನ್ನಿನ ಒಂದು ಬಿಳಿ ಕಾರನ್ನು ಎರಡನೇ ಕೈಯಲ್ಲಿ ತಂದು, ತೆಂಗಿನಕಾಯಿ ಒಡೆದು, ಚಕ್ರದ ಅಡಿಗೆ ಲಿಂಬೆಹಣ್ಣು ಇಟ್ಟು ಹೊರಡಿಸಿದೆವು. ಕೆಲವು ವರ್ಷ ದೇವರು ನಡೆಸಿದ. ಆಮೇಲೆ ಹೊಗೆ ಶುರುವಾಯಿತು. ಅದೇ ಹೊತ್ತಿಗೆ ಸರಕಾರದ ಹೊಗೆ ಪರೀಕ್ಷೆಯೂ ಶುರುವಾಯಿತು, ನಮ್ಮ ಮಗಳಿಗೆ ಗಂಡು ಹುಡುಕುವುದೂ ಶುರುವಾಯಿತು. ಹೊಗೆ ಹೋದರೆ ಹೋಗಲಿ, ಅದರ ಜತೆ ಮಗಳ ಸಂಬಂಧವೂ ಹಾರಿ ಹೋದರೆ ಎಂತ ಮಾಡುವುದು ಎಂಬುದೇ ಆ ದಿನಗಳಲ್ಲಿ ನನ್ನ ಹೆದರಿಕೆ.

೧. ಸೊಳ್ಳೆಯ ಗಾಡಿ

ಒಂದು ಸಾಮಾನಿನ ವಿಷಯಕ್ಕೆ ಬೆಳ್ತಂಗಡಿಗೆ ಹೋದವನು, ಲಾಯಿಲದಲ್ಲಿ ಕಾರು ನಿಲ್ಲಿಸಿ ಗಡ್ಡ ಬೋಳಿಸಲಿಕ್ಕೆ ಕುಳಿತೆ. ಕ್ಷೌರದವರಿಗೆ ನನ್ನ ಪರಿಚಯ ಇಲ್ಲ. ಮುಖಕ್ಕೆಲ್ಲ ನೊರೆ ಹಚ್ಚಿ, ಕತ್ತಿಯನ್ನು ಗಂಟಲ ಹತ್ತಿರ ತಂದು ಕಥೆ ತೆಗೆದರು.

"ಬಂಟ್ವಾಳದ ಕಡೆ ಒಬ್ಬರದ್ದು ಕಾರು ಉಂಟಂತೆ ಮಾರಾಯ್ರೆ. ಮೊನ್ನೆ ಸಂಜೆ ಪೇಟೆಯ ಒಳದಾರಿಯಲ್ಲಿ ಬಂದದ್ದಂತೆ. ಈಗ ಮಲೇರಿಯಾ ಅಲ್ವಾ? ಜನ ಎಣಿಸಿದರು, ಸೊಳ್ಳೆಗೆ ಹೊಗೆ ಬಿಡುವ ಸರಕಾರದ ಗಾಡಿ ಬಂತು ಅಂತ. ಕಿಟಕಿ ಹಾಕಿದರಂತೆ, ಮಕ್ಕಳನ್ನು ಒಳಗೆ ಎಳೆದರಂತೆ, ನೀರಿನ ಕೊಡಕ್ಕೆ ಬಟ್ಟೆ ಮುಚ್ಚಿದರಂತೆ!"

ನಾನು ಉಸಿರೆತ್ತಲಿಲ್ಲ. ಎತ್ತಿದರೆ ಕತ್ತಿ ತಾಗುತ್ತಿತ್ತು.

"ಅಷ್ಟೇ ಅಲ್ಲ. ಒಬ್ಬರು ಅಜ್ಜಿ ಹಿಂದಿನಿಂದ ಓಡಿ ಬಂದು, ನಮ್ಮ ಬಾವಿಕಟ್ಟೆಯ ಹತ್ತಿರ ಸೊಳ್ಳೆ ಜಾಸ್ತಿ, ಅಲ್ಲಿಗೂ ಸ್ವಲ್ಪ ಬಿಡಿ ಅಂದರಂತೆ. ಆ ಪುಣ್ಯಾತ್ಮ ಹೋಗಿ ಬಿಟ್ಟರಂತೆ!"

ಇದು ಸುಳ್ಳು. ನಾನು ಬಾವಿಕಟ್ಟೆಗೆ ಹೋದದ್ದು ಕಾರು ತಿರುಗಿಸಲಿಕ್ಕೆ. ಆದರೆ ಹಾಗೆಂದು ಹೇಳಬೇಕಾದರೆ ಉಳಿದದ್ದೆಲ್ಲ ಸತ್ಯ ಎಂದು ಒಪ್ಪಬೇಕಿತ್ತಲ್ಲ! ಸುಮ್ಮನೆ ಎದ್ದೆ. ಅಂಗಡಿಯ ಎದುರೇ ಕಾರು. ಅದನ್ನು ಅವರ ಕಣ್ಣೆದುರು ಸ್ಟಾರ್ಟ್ ಮಾಡುವ ಧೈರ್ಯ ಬರಲಿಲ್ಲ. ನೆಟ್ಟಗೆ ನಡೆದು ಬಸ್ಸು ಹತ್ತಿ ಮನೆಗೆ ಬಂದೆ.

ಮರುದಿನ ಕಾರು ತರಲಿಕ್ಕೆ ಹೆಂಡತಿಯ ತಮ್ಮನನ್ನು ಕಳುಹಿಸಿದೆ. ಅವನು ತಂದು ನಿಲ್ಲಿಸಿ ಹೇಳಿದ: "ಭಾವ, ಸ್ಟಾರ್ಟ್ ಮಾಡಿದ ಕೂಡಲೇ ಆ ಕ್ಷೌರದವರು ಹೊರಗೆ ಓಡಿ ಬಂದು ನನಗೆ ಕೈ ಮುಗಿದರು. ನೀವು ಇಷ್ಟು ಸಣ್ಣ ಪ್ರಾಯದವರು ಅಂತ ಗೊತ್ತಿರಲಿಲ್ಲ, ಅಜ್ಜಿ ಹೇಗಿದ್ದಾರೆ ಅಂತ ಕೇಳಿದರು."

೨. ರಾಹುಕಾಲ

ಮೂಡುಬಿದಿರೆಯಿಂದ ಒಂದು ಸಂಬಂಧ ಬಂತು. ಜಾತಕ ಕೂಡಿತು. ಹುಡುಗ ಸಹಕಾರಿ ಸಂಘದಲ್ಲಿ ಕೆಲಸಕ್ಕಿದ್ದ, ನಮ್ರ. ಹುಡುಗನ ತಂದೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ಟ್ರು. ಅವರು ಸಭೆಗಳಲ್ಲಿ ಪರಿಸರದ ಬಗ್ಗೆ ಭಾಷಣ ಮಾಡುತ್ತಾರೆ, ವಾಹನದ ಹೊಗೆ ಎಂದರೆ ಕಿಡಿಕಾರುತ್ತಾರೆ ಎಂದು ದಲ್ಲಾಳಿ ಮೊದಲೇ ಎಚ್ಚರಿಸಿದ್ದರು. ಮಗಳು ಬೇರೇನೂ ಕೇಳುವವಳಲ್ಲ. ನಾವು ಗಂಡಿನ ಮನೆ ನೋಡಲಿಕ್ಕೆ ಹೊರಟಾಗ ಮೆಲ್ಲಗೆ ಬಂದು, "ಅಪ್ಪ, ಕಾರನ್ನು ಸ್ವಲ್ಪ ದೂರ ನಿಲ್ಲಿಸ್ತೀರಾ?" ಎಂದಳು. ಅವಳಿಗೆ ಆ ಸಂಬಂಧ ಇಷ್ಟವಾಗಿದೆ ಎಂದು ನಮಗೆ ಗೊತ್ತಾದದ್ದು ಆಗಲೇ.

ದೂರ ಅಂದರೆ ಬಹಳ ದೂರವೇ ನಿಲ್ಲಿಸಿದೆವು. ಬಿಸಿಲಲ್ಲಿ ನಡೆದು ಹೋದೆವು. ಮಾಸ್ಟ್ರು ಕಾಫಿ ಕೊಟ್ಟು, ದೆಹಲಿಯಲ್ಲಿ ಡೀಸೆಲ್ ಬಸ್ಸುಗಳನ್ನೇ ತೆಗೆಯುತ್ತಾರಂತೆ, ನಮ್ಮಲ್ಲಿಯೂ ಬಿಗಿ ಕಾನೂನು ಬರಬೇಕು ಎಂದು ಮಾತಾಡಿದರು. ನಾನು ಹೌದು ಹೌದು ಎಂದೆ. ಮಾತುಕತೆ ಚೆನ್ನಾಗಿ ಆಯಿತು. ಹೊರಡಲಿಕ್ಕೆ ಎದ್ದೆವು. ನಾನು ಮರೆತದ್ದು ಒಂದೇ. ನಮ್ಮ ಕಡೆ ನೆಂಟರನ್ನು ಬಾಗಿಲಲ್ಲಿ ಬೀಳ್ಕೊಡುವ ಕ್ರಮ ಇಲ್ಲ. ಗಾಡಿ ಹೊರಟು ಕಣ್ಣಿಗೆ ಮರೆಯಾಗುವ ತನಕ ನಿಲ್ಲಬೇಕು.

"ಬೇಡ ಮಾಸ್ಟ್ರೇ, ಬಿಸಿಲು," ಎಂದೆ.

"ಕೊಡೆ ಉಂಟಲ್ಲ!" ಎಂದು ಅವರು ಕೊಡೆ ಬಿಡಿಸಿಯೇಬಿಟ್ಟರು. ದಾರಿಯುದ್ದಕ್ಕೂ ನಮ್ಮ ಜತೆ ನಡೆದರು. ಕಾರಿನ ಹತ್ತಿರ ಬಂದೆವು. ನಾವು ಒಳಗೆ ಕುಳಿತೆವು. ಅವರು ಸರಿಯಾಗಿ ಹೊಗೆ ಕೊಳವೆಯ ಹಿಂದೆ ಕೊಡೆ ಹಿಡಿದು ನಿಂತರು. ಕಾರು ಓಡಿಸಲಿಕ್ಕೆ ಬಂದಿದ್ದ ಭಾವ, ಅದೇ ಹೆಂಡತಿಯ ತಮ್ಮ, ಕೀಲಿಕೈ ಹಿಡಿದು ನನ್ನ ಮುಖ ನೋಡಿದ. ನಾನು ದೇವರ ಮುಖ ನೆನೆದೆ. ಬಾಯಿಗೆ ಬಂದದ್ದು ಇಷ್ಟೇ: "ಈಗ ರಾಹುಕಾಲ. ಸ್ವಲ್ಪ ಕಳೆಯಲಿ ಅಂತ."

ಅದು ಭಾನುವಾರ. ಭಾನುವಾರದ ರಾಹುಕಾಲ ಸಂಜೆಗೆ. ಆಗ ಹೊತ್ತು ಮಧ್ಯಾಹ್ನವೂ ಆಗಿರಲಿಲ್ಲ. ಪಂಚಾಂಗ ನೋಡದೆ ಅಂಗಡಿಯ ಬಾಗಿಲು ತೆರೆಯದ ನಾನು ಹೀಗೆ ಹೇಳಿದ್ದು ಕೇಳಿ ಹೆಂಡತಿ ಸೆರಗು ಬಾಯಿಗೆ ಇಟ್ಟುಕೊಂಡಳು. ಮಾಸ್ಟ್ರಿಗೆ ಪಂಚಾಂಗ ಗೊತ್ತಿಲ್ಲ, ಆದರೆ ಮರ್ಯಾದೆ ಗೊತ್ತು. "ಹಾಗಾದರೆ ಬಿಸಿಲಲ್ಲಿ ಯಾಕೆ? ಬನ್ನಿ, ಇನ್ನೊಂದು ಕಾಫಿ ಕುಡಿಯುವ," ಎಂದರು. ಮತ್ತೆ ಅಷ್ಟೂ ದೂರ ನಡೆದೆವು. ಕಾಫಿ ಕುಡಿದೆವು. ಮತ್ತೆ ಅಷ್ಟೂ ದೂರ ಅವರು ನಮ್ಮ ಜತೆ ಬಂದರು, ಅದೇ ಜಾಗದಲ್ಲಿ ನಿಂತರು.

ಇನ್ನು ಉಪಾಯ ಇರಲಿಲ್ಲ. ಭಾವ ಸ್ಟಾರ್ಟ್ ಮಾಡಿದ. ಕನ್ನಡಿಯಲ್ಲಿ ಮೊದಲು ಮಾಸ್ಟ್ರು ಮಾಯವಾದರು, ಮತ್ತೆ ಕೊಡೆ ಮಾಯವಾಯಿತು. ನಾನು ಇಳಿದು ಓಡಿ ಹೋಗಿ ಕೈ ಮುಗಿದು ನಿಂತೆ. ಹೊಗೆಯ ಒಳಗಿನಿಂದ ಅವರು ಕೆಮ್ಮುತ್ತಾ ಹೇಳಿದರು:

"ಗ್ರಹಣದ ಪಾಠ ಮಾಡುವಾಗ ರಾಹು ಎಂಬುದೊಂದು ಇಲ್ಲವೇ ಇಲ್ಲ ಅಂತ ಮಕ್ಕಳಿಗೆ ಹೇಳಿಕೊಡ್ತಾ ಬಂದವ ನಾನು. ಇವತ್ತು ಕಣ್ಣಾರೆ ಕಂಡೆ."

೩. ಹಲಸಿನ ಹಪ್ಪಳ

ವಾರ ಕಳೆದು ದಲ್ಲಾಳಿ ಬಂದರು. "ಸಂಬಂಧ ಒಪ್ಪಿಗೆ ಅಂತೆ," ಎಂದರು. ಮಗಳು ಒಳಗೆ ಓಡಿದಳು. "ಆದರೆ ಮಾಸ್ಟ್ರದ್ದು ಒಂದು ಮಾತು ಉಂಟು. ಮದುವೆಗೆ ಆ ಕಾರು ಬರುವುದಾದರೆ ಹೊಗೆ ಪರೀಕ್ಷೆ ಪಾಸಾಗಿ ಬರಬೇಕಂತೆ." ಮಗಳು ಒಳಗಿನಿಂದಲೇ ಇಣುಕಿದಳು.

ಮೆಕ್ಯಾನಿಕ್ ಕಾರಿನ ಹೊಟ್ಟೆಯೊಳಗೆ ತಲೆ ಹಾಕಿ, ಡೀಸೆಲ್ ಪಂಪಿನ ಒಂದು ಸ್ಕ್ರೂ ತಿರುಗಿಸಿ, ಡೀಸೆಲ್ ಕಡಿಮೆ ಹೋಗುವ ಹಾಗೆ ಮಾಡಿದ. "ಇನ್ನು ಹೊಗೆ ಬರುದಿಲ್ಲ ಸಾಹುಕಾರ್ರೆ. ಆದರೆ ಏರು ಹತ್ತಲಿಕ್ಕೆ ಎಳೆಯುವ ಪುಲ್ಲಿಂಗೂ ಇರುದಿಲ್ಲ. ಮತ್ತೆ, ಪರೀಕ್ಷೆಗೆ ಮೊದಲು ಒಂದು ಕಡೆ ನಿಲ್ಲಿಸಿ ಆಕ್ಸಿಲೇಟರ್ ಚೆನ್ನಾಗಿ ಒತ್ತಿ. ಒಳಗೆ ಕುಳಿತ ಕರಿ ಎಲ್ಲ ಉದುರಿ ಹೋಗಲಿ," ಎಂದ.

ಬಿ.ಸಿ. ರೋಡಿನಲ್ಲಿ ಪರೀಕ್ಷೆಯ ವ್ಯಾನು ನಿಲ್ಲುತ್ತಿತ್ತು. ಅದಕ್ಕೆ ಸ್ವಲ್ಪ ಮೊದಲು ಜನ ಇಲ್ಲದ ಒಂದು ಓಣಿ ಹುಡುಕಿ, ಎತ್ತರದ ಕಾಂಪೌಂಡಿಗೆ ಕಾರಿನ ಹಿಂಭಾಗ ಮಾಡಿ ನಿಲ್ಲಿಸಿದೆ. ಗಣಪತಿಯನ್ನು ನೆನೆದು ಒತ್ತಿದೆ. ವರ್ಷಗಳಿಂದ ಕೂಡಿಟ್ಟದ್ದೆಲ್ಲ ಗೋಡೆ ಹಾರಿ ಆಚೆ ಹೋಯಿತು. ಮನಸ್ಸು ಹಗುರಾಯಿತು. ಪರೀಕ್ಷೆಗೆ ಹೋದೆ. ಕಾರು ಸಣ್ಣ ಮಗುವಿನ ಹಾಗೆ ಉಸಿರಾಡಿತು, ಪಾಸಾಯಿತು!

ಬರುವಾಗ ಅದೇ ಓಣಿಯ ಬಾಯಲ್ಲಿ ಒಬ್ಬರು ವಯಸ್ಸಾದ ಬ್ಯಾರಿ ಹೆಂಗಸು ತಟ್ಟೆ ಹಿಡಿದು ನಿಂತಿದ್ದರು. ಗೋಡೆಯಾಚೆ ಅವರ ಅಂಗಳ. ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಹಲಸಿನ ಹಪ್ಪಳ, ಹಪ್ಪಳದ ತುಂಬ ಕರಿಯ ಚುಕ್ಕೆ. ಹೆಂಗಸರೆಲ್ಲ ಸೇರಿ ಬೆಳಿಗ್ಗೆಯಿಂದ ಒತ್ತಿದ್ದು. ನಾನು ಇಳಿದು, ಮಗಳ ಮದುವೆಯ ಕಥೆಯನ್ನೆಲ್ಲ ಹೇಳಿ, ತಲೆ ತಗ್ಗಿಸಿ ನಿಂತೆ. ನೆಲದೊಳಗೆ ಇಳಿದು ಹೋದರೆ ಸಾಕು ಎನಿಸಿತ್ತು.

ಅವರು ಒಂದು ಹಪ್ಪಳವನ್ನು ಬಿಸಿಲಿಗೆ ಎತ್ತಿ ನೋಡಿ ಹೇಳಿದರು: "ಹೋಗಲಿ ಅಣ್ಣಾ, ಮದುವೆ ಚೆಂದ ಆಗಲಿ. ಈ ವರ್ಷ ಎಳ್ಳು ಹಾಕಲಿಕ್ಕೆ ನಾವೇ ಮರೆತಿದ್ದೆವು."

೪. ದಿಬ್ಬಣ

ಮದುವೆ ಮೂಡುಬಿದಿರೆಯ ಕಲ್ಯಾಣಮಂಟಪದಲ್ಲಿ. ಹೆಣ್ಣಿನ ದಿಬ್ಬಣ ನಮ್ಮಲ್ಲಿಂದ ಹೊರಡಬೇಕು. ಮಗಳು ಅಲಂಕಾರ ಮಾಡಿಕೊಂಡು ನಮ್ಮ ಕಾರಿನಲ್ಲಿ ಕುಳಿತಳು. ಎರಡು ಬದಿಗೆ ಅವಳ ಅಮ್ಮ, ಸೋದರತ್ತೆ. ಮುಂದೆ ನಾನು, ಓಡಿಸುವುದು ಭಾವ. ಹಿಂದೆ ಎರಡು ಜೀಪು, ಒಂದು ವ್ಯಾನು, ಒಂದು ಟೆಂಪೊ. ಎಲ್ಲರದ್ದೂ ಹೊಸ ಬಿಳಿ ಪಂಚೆ, ಬಿಳಿ ಅಂಗಿ. ಪುರೋಹಿತರೂ ಮೊದಲನೇ ಜೀಪಿನಲ್ಲಿ.

ಸಿದ್ದಕಟ್ಟೆ ದಾರಿಯ ಏರು ನಮ್ಮ ಕಾರು ಸಲೀಸಾಗಿ ಹತ್ತಿತು. "ಮೆಕ್ಯಾನಿಕ್ ಪುಲ್ಲಿಂಗ್ ಇರುದಿಲ್ಲ ಅಂದಿದ್ದನಲ್ಲ?" ಎಂದು ಕೇಳಿದೆ.

"ಆ ಸ್ಕ್ರೂವನ್ನು ಬೆಳಿಗ್ಗೆ ಮೊದಲಿನ ಹಾಗೆ ಮಾಡಿದೆ ಭಾವ," ಎಂದ. "ಇಷ್ಟು ಜನರನ್ನು ಹೊತ್ತು ಏರಿನಲ್ಲಿ ನಿಂತರೆ ಮುಹೂರ್ತ ತಪ್ಪುದಿಲ್ವಾ?"

ನಾನು ಕೂಡಲೇ ಹಿಂದೆ ತಿರುಗಿ ನೋಡಿದೆ. ಆದರೆ ಒಳಗೆ ಕುಳಿತ ನಮಗೆ ಹೊಗೆ ಕಾಣಲಿಲ್ಲ. ಹಿಂದಿನ ಗಾಜಿಗೆ ಮಲ್ಲಿಗೆ ಹೂವಿನ ಅಲಂಕಾರ. ಹಿಂದಿನ ಜೀಪಿನವರು ಬಿಡದೆ ಹಾರ್ನ್ ಹೊಡೆಯುತ್ತಿದ್ದರು. ಮದುವೆಯ ಸಂಭ್ರಮ ಎಂದು ಭಾವನೂ ತಿರುಗಿ ಹೊಡೆದ. ಅವರು ಇನ್ನೂ ಜೋರಾಗಿ ಹೊಡೆದರು. ನಾವು ಇನ್ನೂ ಜೋರಾಗಿ ಹೊಡೆದೆವು.

ಮಂಟಪದ ಎದುರು ಮಾಸ್ಟ್ರು ಪನ್ನೀರದಾನಿ ಹಿಡಿದು ನಿಂತಿದ್ದರು. ಮಗಳು ಇಳಿದಳು, ಬಂಗಾರದ ಗೊಂಬೆಯ ಹಾಗೆ. ಮಾಸ್ಟ್ರ ಮುಖ ಅರಳಿತು. ಅಷ್ಟರಲ್ಲಿ ಹಿಂದಿನ ಜೀಪು ಬಂದು ನಿಂತಿತು.

ಇಳಿದವರು ಯಾರೆಂದು ನನಗೇ ಗುರುತು ಹತ್ತಲಿಲ್ಲ. ಒಬ್ಬೊಬ್ಬರದ್ದೂ ಮುಖ ಬಾಣಲೆಯ ತಳ. ಕನ್ನಡಕದವರು ಕನ್ನಡಕ ತೆಗೆದರೆ ಕಣ್ಣಿನ ಸುತ್ತ ಮಾತ್ರ ಬಿಳಿ. ಪುರೋಹಿತರು ಭಸ್ಮ ಹಚ್ಚಿದ್ದರೆಂದು ಅವರು ಹೇಳಿದ ಮೇಲೆ ಗೊತ್ತಾಯಿತು. ಗಂಡಿನ ಕಡೆಯ ಓಲಗದವರು ಊದುವುದನ್ನು ನಿಲ್ಲಿಸಿದರು. ಮಗಳು ನನ್ನ ಕಡೆ ತಿರುಗಿದಳು. ಕಣ್ಣಿನಲ್ಲಿ ನೀರು. ಇಡೀ ಜನ್ಮದಲ್ಲಿ ನಾನು ಅಷ್ಟು ನಾಚಿದ್ದಿಲ್ಲ. ಕೈ ಮುಗಿದು ಮಾಸ್ಟ್ರ ಎದುರು ನಿಂತೆ.

ಮಾಸ್ಟ್ರು ನನ್ನನ್ನು ನೋಡಲಿಲ್ಲ. ಜೀಪಿನಿಂದ ಇಳಿದ ನಮ್ಮ ದೊಡ್ಡಮ್ಮನನ್ನು ಕೇಳಿದರು: "ಬಂಟ್ವಾಳದಿಂದ ಇಲ್ಲಿಯವರೆಗೆ ಈ ಹೊಗೆಯನ್ನೇ ಕುಡಿದಿರಾ ಅಮ್ಮ? ಕಾರನ್ನು ದಾಟಿ ಮುಂದೆ ಬರಬಹುದಿತ್ತಲ್ಲ?"

ದೊಡ್ಡಮ್ಮ ಕೆಮ್ಮು ನಿಲ್ಲಿಸಿ, ಅವರನ್ನು ಕೆಳಗಿಂದ ಮೇಲೆ ನೋಡಿದರು. "ಇದೆಂತ ಮಾತು ಮಾಸ್ಟ್ರೇ? ಮದುಮಗಳ ಕಾರನ್ನು ಹಿಂದೆ ಹಾಕಿ ಬರ್ಲಿಕ್ಕೆ ಉಂಟಾ? ಹಾರ್ನ್ ಹೊಡೆದು ನಿಲ್ಲಿಸುವ ಅಂತ ನೋಡಿದೆವು. ಇವರು ಖುಷಿಯಲ್ಲಿ ತಿರುಗಿ ಹೊಡೆದರು. ಮತ್ತೆ ಎಂತ ಮಾಡುದು? ಉಸಿರು ಬಿಟ್ಟೆವು, ಕ್ರಮ ಬಿಡಲಿಲ್ಲ."

ಮಾಸ್ಟ್ರು ಪನ್ನೀರದಾನಿಯನ್ನು ಕೆಳಗಿಟ್ಟರು. "ಪನ್ನೀರಿನಲ್ಲಿ ಆಗುವ ಕೆಲಸ ಅಲ್ಲ ಇದು. ಕಾಲಿಗೆ ಕೊಡುವ ನೀರನ್ನು ಮುಖಕ್ಕೆ ಕೊಡಿ. ಸಾಬೂನು ತನ್ನಿ!" ಎಂದು ಕೂಗಿದರು. ಆಮೇಲೆ ಮಗಳ ಹತ್ತಿರ ಹೋಗಿ, "ಅಳಬೇಡ ಮಗಾ. ಇಷ್ಟು ಮರ್ಯಾದೆಯ ಜನ ನಿನ್ನ ಬೆನ್ನ ಹಿಂದೆ ಇದ್ದಾರಲ್ಲ, ನಮಗೆ ಅದು ಸಾಕು," ಎಂದರು. ಮಗಳು ಅಳುತ್ತಲೇ ನಕ್ಕಳು. ಓಲಗ ಮತ್ತೆ ಶುರುವಾಯಿತು.

ಮುಹೂರ್ತಕ್ಕೆ ತಡವಾಗಲಿಲ್ಲ. ಊಟವೂ ಆಯಿತು. ಮದುಮಕ್ಕಳು ಗಂಡಿನ ಮನೆಗೆ ಹೊರಡುವ ಹೊತ್ತಿಗೆ ನಾನು ಅಭ್ಯಾಸಬಲದಿಂದ ಹೋಗಿ ಎಲ್ಲರಿಗಿಂತ ಮುಂದಿದ್ದ ನಮ್ಮ ಕಾರಿನಲ್ಲಿ ಕುಳಿತೆ. ಮಾಸ್ಟ್ರು ಬಂದು ಬಾಗಿಲಿಗೆ ಬಗ್ಗಿ, ಎರಡೂ ಕೈ ಜೋಡಿಸಿ ಹೇಳಿದರು: "ಬೀಗರೇ, ಮದುಮಗಳು ಈಗ ನಮ್ಮವಳು. ಮುಂದಿನ ಕಾರು ನಮ್ಮದಿರಲಿ. ನೀವು ಎಲ್ಲರ ಹಿಂದೆ ಬನ್ನಿ. ತುಂಬಾ ಹಿಂದೆ."

ನಮ್ಮ ದಿಬ್ಬಣದವರು ಆ ದಿನ ಚಪ್ಪಾಳೆ ತಟ್ಟಿದ್ದು ಅದೊಂದೇ ಮಾತಿಗೆ.

ಹಳೆಯ ಡೀಸೆಲ್ ಕಾರು ಇರುವ ಹೆಣ್ಣಿನ ತಂದೆ ನಿಮಗೆ ಎಲ್ಲಾದರೂ ಸಿಕ್ಕಿದರೆ ಈ ಕಥೆಯನ್ನು ದಯವಿಟ್ಟು ದಾಟಿಸಿ. ನನ್ನ ಹೆಸರು ಹೇಳಬೇಕೆಂದಿಲ್ಲ. ದಿಬ್ಬಣ ಹೊರಡುವ ಮೊದಲು ಹಿಂದಿನವರ ಹತ್ತಿರ ಹೋಗಿ, ದಾಟಿ ಹೋದರೆ ಮದುಮಗಳಿಗೆ ಬೇಸರ ಇಲ್ಲ ಎಂದು ಒಂದು ಮಾತು ಹೇಳಲಿಕ್ಕೆ ತಿಳಿಸಿ. ಅವರು ದಾಟುವುದಿಲ್ಲ, ಅದು ನನಗೆ ಗೊತ್ತು. ಆದರೂ ಹೇಳಲಿ.