ಗಣಪನಿಗೆ ಒಂಬತ್ತು ಮುಖದಳತೆ

ಉದಯಶಂಕರನ ಗ್ರಹಚಾರ ಕೆಟ್ಟಿದ್ದು ಒಂದು ಭಾಷಣದಿಂದ. ಐನೂರು ವರ್ಷಗಳ ಹಿಂದೆ ಶಿಲ್ಪಕಲೆಗೆ ಶಾಸ್ತ್ರ ಬರೆದ ಇಟಲಿಯ ಪಂಡಿತನೊಬ್ಬನನ್ನು ಆತ ಲಂಡನ್ನಿನ ಕನ್ನಡ ಸಂಘದಲ್ಲಿ ಹಾಡಿ ಹೊಗಳಿದ್ದ. ನೆತ್ತಿಯಿಂದ ಪಾದಕ್ಕೆ ಒಂಬತ್ತು ಮುಖದಳತೆ, ಇಷ್ಟು ಗೊತ್ತಿದ್ದರೆ ಮೂರ್ತಿ ತಾನಾಗಿ ಎದ್ದು ನಿಲ್ಲುತ್ತದೆ ಎಂದದ್ದೇ ತಪ್ಪಾಯಿತು. ಕಾರ್ಯದರ್ಶಿ ಚಿನ್ಮಯಿ ಈ ಸಲದ ಮಣ್ಣಿನ ಗಣಪತಿಯನ್ನು ಅವನ ತಲೆಗೇ ಕಟ್ಟಿದಳು. ಜೀವಮಾನದಲ್ಲಿ ಚಪಾತಿ ಹಿಟ್ಟನ್ನೂ ಕಲಸಿದ ಕೈಯಲ್ಲ ಅವನದು.

"ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿಟ್ಟೀರ, ಜೋಕೆ," ಎಂದಳು ಹೆಂಡತಿ ವಿಜಯಾ. "ಸಂಘದಲ್ಲಿ ನಾನು ತಲೆ ಎತ್ಕೊಂಡು ಓಡಾಡ್ಬೇಕು."

ಚೌತಿಯ ಹಿಂದಿನ ದಿನ ಬೆಳಿಗ್ಗೆ, ಸ್ಟ್ಯಾನ್ಮೋರ್ ಬಡಾವಣೆಯ ತನ್ನ ಮನೆಯ ಗ್ಯಾರೇಜಿನಲ್ಲಿ ಮಣ್ಣು ಕಲಸಿಕೊಂಡು ಕೂತ. ಮೊದಲು ಮುಖ ಮಾಡಿದ, ಸೊಂಡಿಲ ಸಮೇತ. ಅದರ ಒಂಬತ್ತರಷ್ಟು ಎತ್ತರವೆಂದರೆ ಗಣಪ ಸೂರು ಸೀಳಿಕೊಂಡು ಹೋಗುತ್ತಿದ್ದ. ಹಾಗಾದರೆ ಸೊಂಡಿಲು ಮುಖಕ್ಕೆ ಸೇರುತ್ತದೋ ಇಲ್ಲವೋ? ಆನೆಮುಖದವರ ಬಗ್ಗೆ ಪಂಡಿತ ಒಂದಕ್ಷರವನ್ನೂ ಬರೆದಿರಲಿಲ್ಲ.

ಆಫೀಸಿನ ರಾಮಪ್ರಸಾದನಿಗೆ ಫೋನ್ ಮಾಡಿದರೆ, ಸೇರದೆ ಏನು, ಖಂಡಿತ ಸೇರುತ್ತದೆ ಎಂದ. ಪಕ್ಕದ ಮನೆಯ ಉಡುಪಿಯ ರೋಬರ್ಟ್ ಬೇಲಿಯ ಮೇಲಿಂದ ಬಗ್ಗಿ ನೋಡಿ, "ಸೊಂಡಿಲು ಅಂದ್ರೆ ಮೂಗಲ್ವಾ ಮಾರಾಯ್ರೆ? ಮೂಗು ಗದ್ದ ದಾಟಿದ್ರೆ ಹೇಗೆ?" ಎಂದ.

ಅದೂ ಸರಿಯೆನಿಸಿತು. ಸೊಂಡಿಲನ್ನು ಗದ್ದದ ಮೇಲಕ್ಕೇ ಮೊಟಕು ಮಾಡಿದ. ಆಗ ಮೊರದಂಥ ಕಿವಿಗಳು ಅಳತೆ ಮೀರಿದವು, ಅವನ್ನೂ ಕತ್ತರಿಸಿದ. ಹೊಟ್ಟೆಯೂ ಲೆಕ್ಕ ತಪ್ಪಿತ್ತು; ಕೆತ್ತಿದ. ನಾಲ್ಕು ಕೈಗಳಿಗಂತೂ ಪಂಡಿತನ ಶಾಸ್ತ್ರದಲ್ಲಿ ಜಾಗವೇ ಇರಲಿಲ್ಲ, ಎರಡು ಹೋದವು. ಕಿತ್ತ ಮಣ್ಣನ್ನೆಲ್ಲ ತಲೆಗೆ ಮೆತ್ತಿದರೆ ಜಟೆಯಂತೆ ಕಂಡಿತು. ಎಲ್ಲಿ ಅಪ್ಪನಾಗಿಬಿಡುತ್ತಾನೋ ಎಂದು ಹೆದರಿ, ಅದನ್ನು ನುಣ್ಣಗೆ ತಿದ್ದಿ ಬೆನ್ನ ಮೇಲಿಳಿಸಿದ. ಅಳತೆಯೆಲ್ಲ ಪಕ್ಕಾ ಆಯಿತು. ಗಣಪತಿ ಎಲ್ಲಿ ಹೋದನೆಂಬುದು ಮಾತ್ರ ಅವನಿಗೆ ತಿಳಿಯಲಿಲ್ಲ.

ಸಂಜೆ ಚಿನ್ಮಯಿ ಬಂದಳು. ಮೂರ್ತಿಯನ್ನು ದಿಟ್ಟಿಸಿದಳು. ಬಾಗಿಲಲ್ಲೇ ಶೂ ಕಳಚಿ, ಕೈಮುಗಿದು, ಬ್ಯಾಗಿನಿಂದ ಕುಂಕುಮ ತೆಗೆದು ಮೂರ್ತಿಯ ಹಣೆಗಿಟ್ಟಳು.

"ಎಷ್ಟು ಲಕ್ಷಣವಾಗಿದ್ದಾಳೆ! ಇವತ್ತು ಗೌರಿಹಬ್ಬ, ಗೌರಿ ಇಲ್ಲವಲ್ಲ ಅಂತ ಹೆಂಗಸರೆಲ್ಲ ಬೇಜಾರು ಮಾಡ್ಕೊಂಡಿದ್ರು. ಸರಿ, ಗಣಪತಿ ಎಲ್ಲಿ?"

ಉದಯಶಂಕರ್ ತಬ್ಬಿಬ್ಬಾಗಿ ಹೆಂಡತಿಯ ಮುಖ ನೋಡಿದ. ವಿಜಯಾ ಮಣ್ಣಿನ ಬಕೆಟ್ಟನ್ನು ಎಳೆದು ಅವನ ಮುಂದಿಟ್ಟಳು.

"ಅಪ್ಪ ಆಗ್ಲಿಲ್ಲ, ಪುಣ್ಯ. ಅಮ್ಮ ಬಂದಾಯ್ತು. ಇನ್ನು ಮಗನ್ನ ಶುರು ಮಾಡಿ."

ಹೆಂಗಸರಿಬ್ಬರೂ ಆರತಿ ತಟ್ಟೆ ತರಲು ಒಳಗೆ ಹೋದರು. ಬಕೆಟ್ಟಿನ ತಳದಲ್ಲಿ ಒಂದು ಹಿಡಿ ಮಣ್ಣು ಉಳಿದಿತ್ತು. ಪುರಾಣದಲ್ಲಿ ಗಣಪನನ್ನು ಕೈಯಾರೆ ಮಾಡಿಕೊಂಡವಳು ಗೌರಮ್ಮನೇ ತಾನೇ? ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಉದಯಶಂಕರ್ ಬಕೆಟ್ಟನ್ನು ಮೆಲ್ಲಗೆ ಮಣ್ಣಿನ ಗೌರಿಯ ಕಡೆ ಸರಿಸಿದ.